ಯಾವ ತಾರೀಕು?

ಹೋದ ಚಳಿಗಾಲದಲ್ಲಿ ನಮ್ಮ ಸಂಘದ ಒಬ್ಬ ಸದಸ್ಯೆ ನನಗೆ ಫೋನ್ ಮಾಡಿದ್ದರು. ಆಫೀಸಿನಲ್ಲಿ ಮೇಲಿನವನು ಅವರ ಇಂಗ್ಲಿಷಿನ ಧಾಟಿಯನ್ನು ಎಲ್ಲರೆದುರು ಅಣಕಿಸುತ್ತಿದ್ದ. "ಗಿರಾಕಿಗಳ ಫೋನ್ ನೀನು ಎತ್ತಬೇಡ" ಅಂದಿದ್ದನಂತೆ. ನಾವೆಲ್ಲ ಹೇಳುವ ಮಾತನ್ನೇ ನಾನೂ ಹೇಳಿದೆ: "ಬೇರೆ ಕೆಲಸ ಸಿಗೋವರೆಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಅವರು ಸುಮ್ನೆ ಕೂರಲಿಲ್ಲ. ಟೊರಾಂಟೊದ ಒಂದು ಸಮುದಾಯ ಸೇವಾ ಸಂಸ್ಥೆಗೆ ಹೊರಟರು, ಜೊತೆಗೆ ನಾನೂ ಹೋದೆ. ಅಲ್ಲಿನ ಹುಡುಗಿ ಮೊದಲು ನೀರು ಕೊಟ್ಟಳು. ಆಮೇಲೆ ಕೇಳಿದ್ದು ಒಂದೇ: "ಯಾವ ತಾರೀಕು?"

ಇವರು ಚೀಲದಿಂದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೆಗೆದರು. ಅಡುಗೆಮನೆ ಗೋಡೆಯದು, ಒಗ್ಗರಣೆ ಸಿಡಿದ ಕಲೆ ಇತ್ತು. ಸಂಕಷ್ಟಿ ಎಂದು ಅಚ್ಚಾದ ಮನೆಯ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿದ್ದರು: 'ಮೀಟಿಂಗಲ್ಲಿ ಮತ್ತೆ ಅಣಕ. ಮೂವರು ಇದ್ರು.' ಅಂಥವು ಹನ್ನೊಂದು ಮನೆಗಳು. ಆ ಹುಡುಗಿಗೆ ಕನ್ನಡ ಬಾರದು. ಒಂದೊಂದನ್ನೂ ನಾನೇ ಓದಿ ಹೇಳಬೇಕಾಯಿತು. ಅಡ್ಜಸ್ಟ್ ಮಾಡ್ಕೊಳ್ಳಿ ಅಂದ ನಾನು!

ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಮಾನವ ಹಕ್ಕುಗಳ ಸಂಹಿತೆ 1962ರಿಂದ ಇದೆ. ಯಾವ ಯಾವ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ ಅದು ಹೇಳುತ್ತದೆ. ಅದರಲ್ಲಿ ಭಾಷೆ ಅಂತ ಬೇರೆ ಕಾರಣ ಇಲ್ಲ. ಆದರೆ ಮಾತಿನ ಧಾಟಿ ಹುಟ್ಟಿದ ನಾಡಿನ ಜೊತೆಗೇ ಬರುತ್ತದೆ, ಅಲ್ವಾ? ಹುಟ್ಟಿದ ನಾಡು, ಜನಾಂಗ ಇವೆಲ್ಲ ಸಂಹಿತೆಯಲ್ಲಿವೆ. ಸಂಸ್ಥೆಯವರು ಬರೆದುಕೊಟ್ಟ ಅರ್ಜಿ ಆ ಎಳೆಯನ್ನೇ ಹಿಡಿದಿತ್ತು. ಇಂಥ ದೂರು ಕೇಳುವ ಮಾನವ ಹಕ್ಕುಗಳ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಲು ಕೊನೆಯ ಘಟನೆಯಿಂದ ಸಾಮಾನ್ಯವಾಗಿ ಒಂದೇ ವರ್ಷ ಗಡುವು. ನಮ್ಮವರಲ್ಲಿ ಜಾಸ್ತಿ ಜನ ಆ ವರ್ಷವನ್ನು ಸಹಿಸಿಕೊಂಡೇ ಕಳೆಯುತ್ತಾರೆ.

ಇನ್ನೊಂದು ವಿಷಯ. ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ನೌಕರರಿರುವ ಕಡೆ, ಕೆಲಸದ ಜಾಹೀರಾತಿನಲ್ಲಿ 'ಕೆನಡಾ ಅನುಭವ ಬೇಕು' ಅನ್ನುವಂತಿಲ್ಲ. ಹೊಸದಾಗಿ ಬಂದವರಿಗೆ ದಯವಿಟ್ಟು ಇದನ್ನು ತಿಳಿಸಿ.

ಹ್ಯೂಮನ್ ರೈಟ್ಸ್ ಲೀಗಲ್ ಸಪೋರ್ಟ್ ಸೆಂಟರ್ ಉಚಿತವಾಗಿ ಸಲಹೆ ಕೊಡುತ್ತದೆ. ಆದಾಯ ಕಡಿಮೆ ಇದ್ದವರಿಗೆ ಸೌತ್ ಏಷ್ಯನ್ ಲೀಗಲ್ ಕ್ಲಿನಿಕ್ ಆಫ್ ಒಂಟಾರಿಯೊ ಇದೆ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನನಗೆ ಫೋನ್ ಮಾಡಿ. ಜೊತೆಗೆ ಬರುತ್ತೇನೆ. ಕನ್ನಡದಲ್ಲಿ ಬರೆದಿಟ್ಟಿದ್ದರೂ ಪರವಾಗಿಲ್ಲ, ಓದಿ ಹೇಳುತ್ತೇನೆ.