ರೋಟರಿ ಕಾರಿನ ಎವರೇಜ್: ಅಚ್ಚಾಗುವ ಅಂಕಿಯೇ ಬೇರೆ, ರಸ್ತೆಯ ಅಂಕಿಯೇ ಬೇರೆ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಹೊಸ ಗಾಡಿ ಕಣ್ಣಿಗೆ ಬಿದ್ದರೆ ಜನ ಮೊದಲು ಕೇಳುವುದು ಒಂದೇ ಮಾತು: "ಎಷ್ಟು ಎವರೇಜ್ ಕೊಡ್ತದ್ರಿ?" ಬಣ್ಣ, ಪಿಕಪ್ ಎಲ್ಲ ಆಮೇಲೆ. ಮಜ್ದಾ ಆರ್‌ಎಕ್ಸ್-8ರಂಥ ರೋಟರಿ ಎಂಜಿನ್ ಸ್ಪೋರ್ಟ್ಸ್ ಕಾರಿನ ಬಗ್ಗೆ ವಾಹನ ಪುಟಗಳಲ್ಲಿ ಬರೆಯುವಾಗ ಈ ಮಾತಿಗೇ ಉತ್ತರ ಇರುವುದಿಲ್ಲ. "1.3 ಲೀಟರ್ ಎಂಜಿನ್, 231 ಅಶ್ವಶಕ್ತಿ" ಎಂದು ಬರೆದು ಮುಗಿಸುತ್ತಾರೆ. ಓದಿದ ಹುಡುಗರು 1.3 ಲೀಟರಿನ ಹಳೆಯ ಸ್ವಿಫ್ಟ್ ನೆನೆಸಿಕೊಂಡು, ಇದೂ ಲೀಟರಿಗೆ ಹದಿನೈದು ಕಿಲೋಮೀಟರ್ ಓಡೀತು ಅಂದುಕೊಳ್ಳುತ್ತಾರೆ. ಓಡುವುದಿಲ್ಲ.

ಆ 1.3ರ ಲೆಕ್ಕವನ್ನೇ ಮೊದಲು ಬಿಡಿಸಬೇಕು. ಈ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ. 654 ಸಿಸಿಯ ಎರಡು ಮನೆಗಳು, ಒಂದೊಂದರೊಳಗೆ ಮೂರು ಮೂಲೆಯ ಒಂದೊಂದು ರೋಟರ್. ಕೂಡಿಸಿದರೆ 1308 ಸಿಸಿ. ಸಾಮಾನ್ಯ ಫೋರ್ ಸ್ಟ್ರೋಕ್ ಎಂಜಿನ್ ತನ್ನ ಸಿಸಿಯಷ್ಟು ಗಾಳಿ ಎಳೆದುಕೊಳ್ಳಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ರೋಟರಿಯಲ್ಲಿ ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ರೋಟರ್ 654 ಸಿಸಿ ಎಳೆಯುತ್ತದೆ. ಎರಡು ಸುತ್ತಿಗೆ 2616 ಸಿಸಿ ಆಯಿತು. ಪೆಟ್ರೋಲ್ ಖರ್ಚಿನ ಮಟ್ಟಿಗೆ ಇದು 2.6 ಲೀಟರಿನ ಎಂಜಿನ್. ಜಪಾನಿನ ತೆರಿಗೆಯವರೇ ರೋಟರಿಯ ಸಿಸಿಯನ್ನು ಒಂದೂವರೆ ಪಟ್ಟು ಹಿಡಿಯುತ್ತಾರೆ.

ಮೇಲಾಗಿ, ಪೆಟ್ರೋಲ್ ಉರಿಯುವ ಜಾಗ ಉದ್ದಕ್ಕೆ, ತೆಳ್ಳಗೆ ಇದೆ. ಕೆಂಡವನ್ನು ಗುಡ್ಡೆ ಮಾಡಿದರೆ ಕಾವು ನಿಲ್ಲುತ್ತದೆ, ಹರವಿದರೆ ಬೇಗ ಆರುತ್ತದೆ. ಇಲ್ಲಿ ಉರಿ ಹರಡಿಕೊಂಡಿರುವುದರಿಂದ ಕಾವು ಗೋಡೆಗೆ ಹೋಗುತ್ತದೆ, ಅಂಚಿನ ಪೆಟ್ರೋಲ್ ಉರಿಯದೆ ಸೈಲೆನ್ಸರ್ ಕಡೆ ಹೊರಡುತ್ತದೆ. ಅದಕ್ಕೇ ಒಂದೊಂದು ರೋಟರಿಗೆ ಎರಡು ಸ್ಪಾರ್ಕ್ ಪ್ಲಗ್. 1991ರಲ್ಲಿ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದ ಮಜ್ದಾ 787ಬಿ ಕಾರಿನಲ್ಲಂತೂ ರೋಟರಿಗೆ ಮೂರು ಪ್ಲಗ್ ಇದ್ದವು. ಅಂದರೆ ಇದು ಯಾರೋ ಮೆಕ್ಯಾನಿಕ್ ಟ್ಯೂನಿಂಗ್ ಕೆಡಿಸಿದ್ದರಿಂದ ಬಂದ ದೋಷವಲ್ಲ, ಎಂಜಿನ್ನಿನ ಆಕಾರದ ಜೊತೆಗೇ ಬಂದದ್ದು. 1973ರ ತೈಲ ಬಿಕ್ಕಟ್ಟಿನ ಮೇಲೆ ಉಳಿದ ಕಂಪನಿಗಳು ರೋಟರಿ ಕಾರಿನ ಆಸೆ ಬಿಡುತ್ತ ಹೋದದ್ದಕ್ಕೂ ಇದೊಂದು ಕಾರಣ.

ಹಾಗಾದರೆ ನಿಜವಾದ ಅಂಕಿ ಎಷ್ಟು? ಅಮೆರಿಕದ ಪರಿಸರ ಸಂಸ್ಥೆಯ ಪಟ್ಟಿಯಲ್ಲಿ ಮ್ಯಾನುಯಲ್ ಗೇರಿನ ಆರ್‌ಎಕ್ಸ್-8 ಊರೊಳಗೆ ಗ್ಯಾಲನ್ನಿಗೆ 16 ಮೈಲಿ, ಹೆದ್ದಾರಿಯಲ್ಲಿ 22. ಅಮೆರಿಕದ ಗ್ಯಾಲನ್ 3.785 ಲೀಟರ್, ಬ್ರಿಟನ್ನಿನದು 4.546. ಆದ್ದರಿಂದ ಅಮೆರಿಕದ ಅಂಕಿಯನ್ನು 0.425ರಿಂದ ಗುಣಿಸಬೇಕು, ಬ್ರಿಟನ್ನಿನದನ್ನು 0.354ರಿಂದ. ಎರಡನ್ನೂ ಒಂದೇ ಎಂದು ಹಿಡಿದರೆ ಲೆಕ್ಕ ಆರರಲ್ಲಿ ಒಂದು ಪಾಲು ತಪ್ಪುತ್ತದೆ. ಸರಿಯಾಗಿ ಗುಣಿಸಿದರೆ ಲೀಟರಿಗೆ ಊರೊಳಗೆ 6.8, ಹೆದ್ದಾರಿಯಲ್ಲಿ 9.4 ಕಿಲೋಮೀಟರ್. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಅದರಲ್ಲಿ ಲೀಟರಿಗೆ ಶಕ್ತಿ ಶೇ 6-7ರಷ್ಟು ಕಡಿಮೆ. ಅಷ್ಟು ಕಳೆದರೆ 6.3 ಮತ್ತು 8.7. ಟ್ಯಾಂಕ್ ಸುಮಾರು 60 ಲೀಟರಿನದು. ಹತ್ತು ಲೀಟರ್ ರಿಸರ್ವ್ ಬಿಟ್ಟರೆ ಹೆದ್ದಾರಿಯಲ್ಲಿ 435 ಕಿಲೋಮೀಟರ್ ಆದೀತು. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410. ಒಮ್ಮೆ ಟ್ಯಾಂಕ್ ತುಂಬಿಸಿದರೆ ಹೋಗಿ ಮುಟ್ಟಬಹುದು, ತಿರುಗಿ ಬರುವ ಮಾತಿಲ್ಲ. ಎಥೆನಾಲ್ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಈ ಕಾರು ಶೇ 10ರ ಮಿಶ್ರಣದ ಕಾಲದ್ದು. ಪೆಟ್ರೋಲ್ ಪೈಪು, ಓ-ರಿಂಗುಗಳನ್ನು ಪ್ರತಿ ಸರ್ವಿಸ್‌ನಲ್ಲಿ ಮುಟ್ಟಿ ನೋಡಬೇಕು. ಮೆತ್ತಗಾಗಿದ್ದರೆ, ಉಬ್ಬಿದ್ದರೆ ತಡಮಾಡದೆ ಬದಲಿಸಬೇಕು.

ಎವರೇಜ್ ತೆಗೆಯುವ ಕ್ರಮದಲ್ಲೂ ನಮ್ಮಲ್ಲಿ ಅವಸರ ಹೆಚ್ಚು. ಐದು ಲೀಟರ್ ಹಾಕಿಸಿ ಅಳೆಯುವವರಿದ್ದಾರೆ. ಬಂಕಿನ ನಾಝಲ್ ಕಟ್ ಆಗುವುದರಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೂ ಐದು ಲೀಟರಿನಲ್ಲಿ ಅದು ಶೇ 10ರ ತಪ್ಪು. 40 ಲೀಟರಿನಲ್ಲಿ ಒಂದು ಚಿಲ್ಲರೆ ಅಷ್ಟೆ. ಒಂದೇ ಬಂಕು, ಒಂದೇ ಮಶೀನು, ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸುವುದು, ಮೇಲೆ ತುರುಕದಿರುವುದು. ಹೀಗೆ ಮೂರು ಟ್ಯಾಂಕಿನ ಸರಾಸರಿ ತೆಗೆಯಬೇಕು. ಟಯರ್ ಅಳತೆ ಬದಲಾಗಿದ್ದರೆ ಓಡೋಮೀಟರನ್ನು ಹೆದ್ದಾರಿಯ ಕಿಲೋಮೀಟರ್ ಕಲ್ಲಿನ ಜೊತೆ ಇಪ್ಪತ್ತು ಕಿಲೋಮೀಟರ್ ತಾಳೆ ನೋಡಬೇಕು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಧಾರವಾಡದಿಂದ ಇಳಿದು ಬಂದ ಅಂಕಿಯೊಂದನ್ನೇ ಹೇಳುವುದು ಸರಿಯಲ್ಲ. ಗದಗ ರಸ್ತೆಯಲ್ಲಿ ಆಷಾಢದ ಗಾಳಿಯ ಲೆಕ್ಕ ಬೇರೆ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ಕಪ್ಪತಗುಡ್ಡದ ಗಾಳಿಯಂತ್ರ ತಿರುಗಿಸುವ ಗಾಳಿ ಕಾರನ್ನು ಸುಮ್ಮನೆ ಬಿಡುವುದಿಲ್ಲ. ಎಲ್ಲಿ ಅಳೆದರೂ ಹೋಗಿ ಬರುವುದು ಎರಡೂ ಸೇರಿರಲಿ.

ಓಡಿಸುವ ರೀತಿಯಲ್ಲಿ ಉಳಿತಾಯ ಸ್ವಲ್ಪವೇ. ಆರನೇ ಗೇರಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಎಂಜಿನ್ 3000 ಆರ್‌ಪಿಎಂ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಸ್ಥಿರವಾಗಿ ಬಿಟ್ಟರೆ ಒಳ್ಳೆಯ ಅಂಕಿ ಬರುತ್ತದೆ. ಆದರೆ ಉಳಿತಾಯ ಅಂತ ಯಾವಾಗಲೂ ಮೇಲಿನ ಗೇರಿನಲ್ಲೇ ಎಳೆದಾಡಿಸಿದರೆ ರೋಟರ್ ಮೇಲೆ ಕಾರ್ಬನ್ ಕಟ್ಟಿ, ಅದರ ಮೂಲೆಗಳಲ್ಲಿ ಒತ್ತಡ ಸೋರದಂತೆ ತಡೆಯುವ ಸೀಲುಗಳು ತಾವು ಕೂರುವ ಸೀಳಿನಲ್ಲೇ ಅಂಟಿಕೊಳ್ಳುತ್ತವೆ. ಎಂಜಿನ್ ಪೂರ್ತಿ ಕಾದ ಮೇಲೆ, ಹಾವೇರಿ ಕಡೆಯ ಹೆದ್ದಾರಿ ಖಾಲಿ ಇದ್ದಾಗ, ಆಗಾಗ ಎರಡನೇ ಗೇರಿನಲ್ಲಿ 7000ದವರೆಗೆ ಏರಿಸುವುದು ಇದಕ್ಕೆ ಮದ್ದು. ಅಷ್ಟಕ್ಕೂ ವೇಗ 85ರ ಸುಮಾರಿಗಿರುತ್ತದೆ, ಕಾಯಿದೆ ಮೀರುವುದಿಲ್ಲ.

ಕೆಡುವುದು ಚಿಕ್ಕ ಓಡಾಟದಲ್ಲಿ. ವಿದ್ಯಾನಗರದಿಂದ ಕೇಶ್ವಾಪುರಕ್ಕೆ ಹೋಗಿ ಬಂದಷ್ಟರಲ್ಲಿ ಎಂಜಿನ್ ಕಾಯುವುದೇ ಇಲ್ಲ. ಕಾಯುವವರೆಗೆ ಎಂಜಿನ್ ನಡೆಸುವ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಶೆಡ್ಡಿನಿಂದ ಹೊರಗಿಟ್ಟು, ಕೂಡಲೇ ಬಂದ್ ಮಾಡುವುದು ಇನ್ನೂ ಕೆಟ್ಟದ್ದು. ಒಳಗೆ ಉಳಿದ ಹಸಿ ಪೆಟ್ರೋಲ್ ಗೋಡೆಯ ಆಯಿಲ್ ಪದರ ತೊಳೆದುಹಾಕಿ, ಕಂಪ್ರೆಶನ್ (ಒಳಗೆ ಗಾಳಿ ಒತ್ತುವ ಬಲ) ಬಿದ್ದು, ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಹಾಗಾದರೆ ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಆ ಸ್ಥಿತಿಯಲ್ಲಿ ಇಂಜೆಕ್ಟರ್ ಪೆಟ್ರೋಲ್ ಬಿಡುವುದಿಲ್ಲ, ಒಳಗಿನದು ಹೊರಗೆ ಹೋಗುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಸ್ಟಾರ್ಟರ್ ಆರಲು ಬಿಡಿ.

ಎವರೇಜ್ ಇದ್ದಕ್ಕಿದ್ದಂತೆ ಇಳಿದರೆ ಮೊದಲು ನೋಡಬೇಕಾದದ್ದು ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಶನ್ ಕಾಯಿಲ್. ನಾಲ್ಕಿವೆ, 50,000 ಕಿಲೋಮೀಟರಿನ ಹೊತ್ತಿಗೆ ಸೊರಗುತ್ತವೆ. ಒಂದು ಸೊರಗಿದರೂ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದರೊಳಗಿನ ಜೇನುಗೂಡು ಕರಗಿ ದಾರಿ ಕಟ್ಟಿಕೊಳ್ಳುತ್ತದೆ. ಹೊಗೆ ಹಿಮ್ಮೆಟ್ಟಿ ಎಂಜಿನ್ ಕಾಯುತ್ತದೆ. ಕೊನೆಗೆ ಸೀಲು ಹೋಗುತ್ತದೆ. ಒಂದು ಕಾಯಿಲ್ ಉಳಿಸಲು ಹೋಗಿ ಇಡೀ ಎಂಜಿನ್ ಬಿಚ್ಚುವುದು ಹೀಗೆ. ಬದಲಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಜೊತೆಗೆ ಪ್ಲಗ್ ಮತ್ತು ವೈರು. ಪ್ಲಗ್‌ಗಳು ಎಲ್ಲ ಒಂದೇ ಅಲ್ಲ: ಕೆಳಗಿನ ಲೀಡಿಂಗ್ ಜಾಗಕ್ಕೆ ಎನ್‌ಜಿಕೆ ಆರ್‌ಇ7ಸಿ-ಎಲ್, ಮೇಲಿನ ಟ್ರೇಲಿಂಗ್ ಜಾಗಕ್ಕೆ ಆರ್‌ಇ9ಬಿ-ಟಿ. ಅದಲುಬದಲಾದರೆ ಮಿಸ್ಸಿಂಗ್ ಹೋಗುವುದಿಲ್ಲ. ಎಂಜಿನ್ನಿನ ಕಾವು ಹಿಡಿದಿಡುವ ಥರ್ಮೋಸ್ಟ್ಯಾಟ್ ತೆರೆದೇ ಉಳಿದಿದ್ದರೆ ಕಾವಿನ ಮುಳ್ಳು ನಡುವಿಗೆ ಬರುವುದೇ ಇಲ್ಲ, ಪೆಟ್ರೋಲ್ ಸುರಿಯುವುದೂ ನಿಲ್ಲುವುದಿಲ್ಲ. ಗಾಳಿ ಅಳೆಯುವ ಸೆನ್ಸರ್ ಮೇಲೆ ಧೂಳು ಕೂತಿದೆಯೇ ಎಂಬುದನ್ನೂ ನಮ್ಮ ರಸ್ತೆಗಳ ಮಟ್ಟಿಗೆ ಮರೆಯುವಂತಿಲ್ಲ.

ಆಯಿಲ್ ಕುಡಿಯುವುದನ್ನು ಕಂಡು ಗಾಬರಿಯಾಗುವವರಿಗೆ ಒಂದು ಮಾತು. ಯಮಹಾ ಆರ್‌ಎಕ್ಸ್100ರಲ್ಲಿ ಪಂಪು 2ಟಿ ಆಯಿಲನ್ನು ಎಂಜಿನ್ನಿಗೆ ಉಣಿಸುತ್ತಿದ್ದುದು ನೆನಪಿರಬೇಕು. ಇಲ್ಲಿಯೂ ಹಾಗೆಯೇ; ಬೇರೆ ಡಬ್ಬಿಯ ಬದಲು ಎಂಜಿನ್ನಿನ ತಳದ ಸಂಪಿನ ಆಯಿಲೇ ಸೀಲುಗಳಿಗೆ ಹೋಗಿ ಉರಿಯುತ್ತದೆ. ಪ್ರತಿ ಸಲ ಪೆಟ್ರೋಲ್ ತುಂಬಿಸಿದಾಗ ಡಿಪ್‌ಸ್ಟಿಕ್ ನೋಡಬೇಕು. ಮಟ್ಟ ಇಳಿಯುವುದೇ ಇಲ್ಲವೆಂದರೆ ಪಂಪು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಬೇಕು.

ಈಚಿನ ಇನ್ನೊಂದು ಗೊಂದಲ, 2023ರಲ್ಲಿ ಯುರೋಪಿಗೆ ಬಂದ ಮಜ್ದಾ ಎಂಎಕ್ಸ್-30 ಆರ್-ಇವಿಯದು. ಇದರ 830 ಸಿಸಿಯ ಒಂದೇ ರೋಟರ್ ಚಕ್ರ ತಿರುಗಿಸುವುದಿಲ್ಲ, ಕರೆಂಟ್ ಮಾಡುತ್ತದೆ. ಅಧಿಕೃತ ಅಂಕಿ 100 ಕಿಲೋಮೀಟರಿಗೆ ಒಂದು ಲೀಟರ್. ಚಾರ್ಜ್ ಮಾಡಿದ ಬ್ಯಾಟರಿ ಓಡಿಸಿದ ದೂರವನ್ನೂ ಸೇರಿಸಿ ತೆಗೆದ ಅಂಕಿ ಅದು. "ರೋಟರಿ ಲೀಟರಿಗೆ ನೂರು ಕೊಡುತ್ತದೆ" ಎಂದು ಅಚ್ಚು ಹಾಕಿದರೆ ಓದುಗರಿಗೆ ಅನ್ಯಾಯ. ತಮ್ಮ ಪತ್ರಿಕೆ ಯಾವ ಕಾರಿನ ಮೈಲೇಜ್ ಬರೆದರೂ ಪಕ್ಕದಲ್ಲೇ ಅದು ಯಾವ ದೇಶದ ಪರೀಕ್ಷೆ, ಯಾವ ಗ್ಯಾಲನ್, ಎಸಿ ಹಾಕಿತ್ತೇ ಎಂಬ ಒಂದು ಸಾಲು ಸೇರಿಸಬೇಕೆಂದು ಕೋರುತ್ತೇವೆ.

ಮಜ್ದಾ ಅಂದರೆ ನಮ್ಮ ಕಡೆ ಸ್ವರಾಜ್ ಮಜ್ದಾ ಗಾಡಿ. ಅದರ ಸ್ಪೇರ್ ಒಂದೂ ಇದಕ್ಕೆ ಬರುವುದಿಲ್ಲ. ಆರ್‌ಎಕ್ಸ್-8 ತಯಾರಿಕೆ 2012ರಲ್ಲೇ ನಿಂತಿದೆ, ಈಗ ದೇಶದೊಳಗೆ ಇರುವ ಕೆಲವೇ ಕಾರುಗಳು ಕೈ ಬದಲಾಗುತ್ತವೆ. ಕೊಳ್ಳುವವರು ರೋಟರಿಗೆಂದೇ ಇರುವ ಗೇಜಿನಲ್ಲಿ ಕಂಪ್ರೆಶನ್ ತೆಗೆಸಬೇಕು. ಸಾಮಾನ್ಯ ಗೇಜು ರೋಟರಿನ ಮೂರು ಮುಖಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನ ಒಂದನ್ನೇ ತೋರಿಸಿ, ಬಿದ್ದ ಮುಖವನ್ನು ಮುಚ್ಚಿಡುತ್ತದೆ. ಎರಡು ರೋಟರಿಗೆ ಆರು ಅಂಕಿ ಬರಬೇಕು. 250 ಆರ್‌ಪಿಎಂ ಲೆಕ್ಕಕ್ಕೆ ಯಾವುದೂ ಚದರ ಸೆಂಟಿಮೀಟರಿಗೆ 6.9 ಕೆಜಿಗಿಂತ ಕೆಳಗಿರಬಾರದು, ಒಂದೇ ರೋಟರಿನ ಮುಖಗಳ ನಡುವೆ 1.5 ಕೆಜಿಗಿಂತ ಹೆಚ್ಚು ಅಂತರ ಇರಬಾರದು. ಎಂಜಿನ್ ಕಾದಿರುವಾಗಲೇ ಅಳೆಸಿ, ಆರೂ ಅಂಕಿ ಬರೆದ ಚೀಟಿ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.

— ಗೋಕುಲ ರಸ್ತೆಯ ಕೆಲವು ಗ್ಯಾರೇಜ್ ಮೆಕ್ಯಾನಿಕರು, ಹುಬ್ಬಳ್ಳಿ