ರಾಣಿಗೆ ಏನೂ ಆಗಿಲ್ಲವಂತೆ

ಚಿಬಾ, ಜಪಾನ್
ಶುಕ್ರವಾರ ಮಧ್ಯಾಹ್ನ

ಅಮ್ಮ,

ನಮಸ್ಕಾರ. ಅಪ್ಪನಿಗೂ ನಮಸ್ಕಾರ. ನಾನು ಕ್ಷೇಮ. ಪಾರ್ಸಲ್ ಬಂತು. ಚಟ್ನಿಪುಡಿ ಚೆನ್ನಾಗಿದೆ, ಕೋಡುಬಳೆ ಮಾತ್ರ ಪುಡಿಪುಡಿ. ಅದನ್ನೇ ಮೊಸರನ್ನದ ಮೇಲೆ ಉದುರಿಸಿಕೊಂಡು ತಿಂದೆ. ಈಗ ವಿಷಯಕ್ಕೆ ಬರುತ್ತೇನೆ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ಹೇಳಿದ್ದು ನೀನು, ಬರೆದದ್ದು ಪುಟ್ಟಿ. ಅದರಲ್ಲಿ ಗೊಂಬೆ ಹಬ್ಬದ ಪಟ್ಟದ ರಾಣಿಯ ಬಗ್ಗೆ ಒಂಬತ್ತು ಸಾಲಿದೆ. ರಾಣಿಯ ಮೂಗಿಗೆ ಏನೂ ಆಗಿಲ್ಲ, ಬಣ್ಣ ಹೋಗಿಲ್ಲ, ಪೀಠದ ಒಂದು ಮೂಲೆ ಮಾತ್ರ ಸೀಳಿದೆ, ನಿಲ್ಲಿಸಿದರೆ ರಾಜನ ಕಡೆಗೆ ವಾಲುತ್ತಾಳೆ, ಹೀಗೆ. ನಿನ್ನ ಕೈ ಬಗ್ಗೆ ಒಂದೇ ಸಾಲು. "ನನಗೂ ಸ್ವಲ್ಪ ಕೈ ಉಳುಕಿತು, ಈಗ ಪರವಾಗಿಲ್ಲ." ಉಳುಕಿದ ಕೈಗೆ ಯಾರಾದರೂ 6 ವಾರ ಪ್ಲಾಸ್ಟರ್ ಹಾಕುತ್ತಾರಾ ಅಮ್ಮ?

ಕೊನೆಯಲ್ಲಿ "ಇತಿ ಅಮ್ಮ" ಅಂತ ನೀನೇ ಬರೆದಿದ್ದೀಯ. ಎಡಗೈಯಲ್ಲಿ. 'ಮ್ಮ'ದ ಒತ್ತಕ್ಷರ ಗೆರೆ ದಾಟಿ ಪುಟದ ಅಂಚಿನವರೆಗೆ ಜಾರಿದೆ. ಅದನ್ನು ನೋಡಿದ ಮೇಲೇ ಪುಟ್ಟಿಗೆ ಫೋನ್ ಮಾಡಿ ಗದರಿಸಿದ್ದು. ಅವಳು ಎಲ್ಲ ಬಾಯಿಬಿಟ್ಟಳು. ಅಟ್ಟಕ್ಕೆ ಮಳೆ ನೀರು ಸೋರಿದ್ದು, ಗೊಂಬೆ ಟ್ರಂಕು ಒದ್ದೆಯಾಯಿತೇನೋ ಅಂತ ನೀನು ಪ್ಲಾಸ್ಟಿಕ್ ಸ್ಟೂಲ್ ಹತ್ತಿದ್ದು, ಸ್ಟೂಲಿನ ಕಾಲು ಬಗ್ಗಿದ್ದು. ಒಂದು ಕೈಯಲ್ಲಿ ರಾಣಿಯನ್ನು ಎದೆಗೆ ಅವಚಿಕೊಂಡು ಇನ್ನೊಂದು ಕೈ ಊರಿ ಬಿದ್ದೆಯಂತೆ. ರಾಣಿಯನ್ನು ಬಿಟ್ಟಿದ್ದರೆ ಏನಾಗುತ್ತಿತ್ತು? ಅದು ಮರ. ಅಂಟಿಸಬಹುದಿತ್ತು.

ಗೌರಿ ಹಬ್ಬದ ದಿನ ವಿಡಿಯೋದಲ್ಲಿ ಸೆರಗು ಹೊದ್ದು ಕೂತಿದ್ದೆ. ಕೇಳಿದರೆ "ಬೆಂಗಳೂರಲ್ಲಿ ಚಳಿ ಕಣೇ, ಮಳೆ" ಅಂದೆ. ನಾನೂ ನಂಬಿದೆ. ಆ ದಿನ ಮೊರದ ಬಾಗಿನ ಹೇಗೆ ಕೊಟ್ಟೆ? ಅದನ್ನು ಯೋಚಿಸಿದರೆ ಹೊಟ್ಟೆ ಸಂಕಟವಾಗುತ್ತೆ. ಹೋಗಲಿ, ಬೈಯುವುದಿಲ್ಲ. ಫೋನಿನಲ್ಲಿ ಕೇಳಿದರೆ "ನೀನು ಊಟಕ್ಕೆ ಏನು ಮಾಡಿಕೊಂಡೆ" ಅಂತ ಮಾತು ಮರೆಸುತ್ತೀಯ. ಅದಕ್ಕೇ ಕಾಗದ. ಜೊತೆಗೆ ಗೊಂಬೆ ಕೂರಿಸುವ ಹೊಸ ಮೆಟ್ಟಿಲಿನ ಒಂದು ಚಿತ್ರವೂ ಕಳಿಸಬೇಕಿತ್ತು.

ನವರಾತ್ರಿಗೆ ಇನ್ನು 12 ದಿನ. ನಿನ್ನ ಪ್ಲಾಸ್ಟರ್ ಬಿಚ್ಚುವುದು ವಿಜಯದಶಮಿ ಹೊತ್ತಿಗೆ. ಈ ವರ್ಷ ಗೊಂಬೆ ಕೂರಿಸಬೇಡ ಅಂದರೆ ನೀನು ಕೇಳುವುದಿಲ್ಲ ಅಂತ ನನಗೆ ಗೊತ್ತು. ಸಂಜೆ ಬೀದಿ ಮಕ್ಕಳು ಬಂದು "ಗೊಂಬೆ ಕೂರಿಸಿದ್ದೀರಾ" ಅಂತ ಕೇಳಿದಾಗ ಇಲ್ಲ ಅನ್ನುವುದಕ್ಕೆ ನಿನಗೆ ಬಾಯೇ ಬರುವುದಿಲ್ಲ. ಚರ್ಪು ತಿಂಡಿ ಮಾಡಿ ಹಂಚದಿದ್ದರೆ ನಿನಗೆ ನಿದ್ದೆಯೂ ಬರಲ್ಲ. ಸರಿ, ಕೂರಿಸು. ಆದರೆ ನೀನು ಕುರ್ಚಿಯ ಮೇಲೆ ಕೂತು ಹೇಳಬೇಕು, ಪುಟ್ಟಿ ಇಡಬೇಕು. ಸ್ಟೂಲ್ ಮನೆಯಲ್ಲೇ ಇರಬಾರದು.

ಮೆಟ್ಟಿಲಿನ ವಿಚಾರ ನನ್ನ ತಲೆಗೆ ಬಂದದ್ದು ಮಾರ್ಚ್‌ನಲ್ಲಿ. ಇಲ್ಲೂ ಗೊಂಬೆ ಹಬ್ಬ ಇದೆ, ಹೇಳಿದ್ದೆನಲ್ಲಾ. ಹಿನಾಮತ್ಸುರಿ ಅಂತ, ಮಾರ್ಚ್ 3ಕ್ಕೆ, ಹೆಣ್ಣುಮಕ್ಕಳಿಗಾಗಿ. ಏಳು ಮೆಟ್ಟಿಲು, ಮೇಲೆ ಕೆಂಪು ಬಟ್ಟೆ. ನಮ್ಮದು ಬಿಳಿ ಪಂಚೆ, ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ. ಆದರೆ ಇವರದು ಬಲು ಶಿಸ್ತು. ಮೇಲೆ ರಾಜ ರಾಣಿ, ಅದರ ಕೆಳಗೆ 3 ಜನ ಸಖಿಯರು, ಆಮೇಲೆ 5 ಜನ ವಾದ್ಯದವರು, 2 ಮಂತ್ರಿಗಳು, 3 ಸೇವಕರು. ಒಟ್ಟು 15 ಗೊಂಬೆ, ಮುಗಿಯಿತು. ಕೆಳಗಿನ ಎರಡು ಮೆಟ್ಟಿಲಲ್ಲಿ ರಾಣಿಯ ಬಳುವಳಿ, ಪೆಟ್ಟಿಗೆ, ಪಲ್ಲಕ್ಕಿ, ಎತ್ತಿನ ಗಾಡಿ. ನಮ್ಮ ಹಾಗೆ ದಶಾವತಾರದ ಪಕ್ಕ ಕ್ರಿಕೆಟ್ ಟೀಮು, ಅದರ ಪಕ್ಕ ಶೆಟ್ರ ಅಂಗಡಿ, ರಾಗಿ ಬೆಳೆಸಿದ ತೋಟದಲ್ಲಿ ಪ್ಲಾಸ್ಟಿಕ್ ಜಿರಾಫೆ, ಇದೆಲ್ಲ ನಡೆಯಲ್ಲ. ಆಫೀಸಿನಲ್ಲಿ ನಮ್ಮ ಸೆಕ್ಷನ್ನಿನವರಿಗೆ ನಮ್ಮ ಮನೆ ಫೋಟೋ ತೋರಿಸಿದೆ. ಜಿರಾಫೆ ನೋಡಿ ತುಂಬಾ ಹೊತ್ತು ಸುಮ್ಮನಿದ್ದರು. ನಾನು ಬಿಡಲಿಲ್ಲ, ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಜಾಗ ಇದೆ ಅಂದೆ.

ಕತ್ಸೂರಾ ಅಂತ ಇಲ್ಲೇ ಕಡಲ ಪಕ್ಕ ಒಂದು ಊರು. ಅಲ್ಲಿ ದೇವಸ್ಥಾನದ 60 ಕಲ್ಲು ಮೆಟ್ಟಿಲಿನ ಮೇಲೆ ಸುಮಾರು 1,800 ಗೊಂಬೆ ಜೋಡಿಸುತ್ತಾರೆ. ಅದನ್ನು ನೋಡುತ್ತಾ ನಿಂತಾಗ ನೀನೇ ನೆನಪಾದೆ. ಇಲ್ಲಿ ಇನ್ನೊಂದು ನಂಬಿಕೆ ಇದೆ. ಹಬ್ಬ ಮುಗಿದ ಮೇಲೂ ಗೊಂಬೆ ಎತ್ತಿಡದಿದ್ದರೆ ಮನೆ ಮಗಳ ಮದುವೆ ತಡವಾಗುತ್ತಂತೆ. ನಮ್ಮ ಮನೆಯಲ್ಲಿ ಪ್ರತಿ ವರ್ಷ ದೀಪಾವಳಿಯವರೆಗೂ ಗೊಂಬೆ ಹಾಲ್‌ನಲ್ಲೇ ಇರುತ್ತಿದ್ದವು, ಆದ್ದರಿಂದ ತಪ್ಪು ನನ್ನದಲ್ಲ. ಇಷ್ಟು ಓದಿ ಆ ವಿಷಯ ಎತ್ತಬೇಡ. ಈಗ ಮಾತು ನಿನ್ನ ಕೈದು.

ಇಲ್ಲಿನ ಮೆಟ್ಟಿಲು ಕಬ್ಬಿಣದ ಫ್ರೇಮು, ಬಿಚ್ಚಿ ಜೋಡಿಸುವಂಥದ್ದು. ನಮ್ಮದು ಟ್ರಂಕು, ಊಟದ ಟೇಬಲ್ಲು, ಅದರ ಮೇಲೆ ಬೆಂಚು, ಸಂದಿಗೆ ಅಪ್ಪನ ಹಳೇ ಪುಸ್ತಕ. ನಾವು ಎತ್ತರವೇ ತೊಂದರೆ ಅಂದುಕೊಂಡಿದ್ದೆವು, ಅಲ್ವಾ? ಲೆಕ್ಕ ಹಾಕಿ ನೋಡಿದೆ. ಎತ್ತರಕ್ಕಿಂತ ಜಾಸ್ತಿ ಕಷ್ಟ ಅಡ್ಡಗಲದ್ದು. ಒಂದು ಮೆಟ್ಟಿಲು ಮುಂದಿನಿಂದ ಹಿಂದಕ್ಕೆ 8 ಇಂಚು ಅಂದರೆ ಏಳಕ್ಕೆ 56 ಇಂಚು, ನಾಲ್ಕೂವರೆ ಅಡಿಗಿಂತ ಜಾಸ್ತಿ. ಮುಂದೆ ನಿಂತು ಕೈ ಚಾಚಿದರೆ ಯಾರಿಗೂ ಎಟುಕಲ್ಲ. ಅದಕ್ಕೇ ನೀನು ಪಕ್ಕದಲ್ಲಿ ಸ್ಟೂಲ್ ಹಾಕಿ ಒಂದು ಕಾಲು ಟೇಬಲ್ಲಿನ ಮೇಲೆ ಊರುತ್ತಿದ್ದೆ. ನೆನೆಸಿಕೊಂಡರೆ ಈಗ ಭಯವಾಗುತ್ತೆ.

ನನ್ನ ಚಿತ್ರದಲ್ಲಿ ಎರಡು ಗಾಡಿ ಇದೆ. ಹಿಂದಿನ ಗಾಡಿಗೆ ಮೇಲಿನ 4 ಮೆಟ್ಟಿಲು, ಮುಂದಿನದಕ್ಕೆ ಕೆಳಗಿನ 3. ಎರಡಕ್ಕೂ ಬ್ರೇಕ್ ಇರುವ ಚಕ್ರ. ಮೊದಲು ಹಿಂದಿನ ಗಾಡಿಯನ್ನು ಗೋಡೆಯಿಂದ ಎರಡಡಿ ಎಳೆದು, ಮೇಲಿನ ಎರಡು ಮೆಟ್ಟಿಲಿಗೆ ಹಿಂದಿನಿಂದ, ಉಳಿದೆರಡಕ್ಕೆ ಮುಂದಿನಿಂದ ಗೊಂಬೆ ಇಟ್ಟು, ಆಮೇಲೆ ಗೋಡೆಗೆ ತಳ್ಳುವುದು. ಮುಂದಿನ ಗಾಡಿಯನ್ನು ತುಂಬಿಸಿ ತಂದು ಸೇರಿಸಿ ಕೊಕ್ಕೆ ಹಾಕುವುದು. ಏಳನೇ ಮೆಟ್ಟಿಲು ನೆಲದಿಂದ 44 ಇಂಚು, ನಿನ್ನ ಭುಜಕ್ಕಿಂತ ಕೆಳಗೇ. ಹತ್ತುವ ಮಾತೇ ಇಲ್ಲ.

ಸೀನ ಮಾವನಿಗೆ ಹೇಳು, ಎಸ್.ಜೆ.ಪಿ. ರೋಡಿನಲ್ಲಿ ತೂತಿರುವ ಕಬ್ಬಿಣದ ಆ್ಯಂಗಲ್ ಸಿಗುತ್ತೆ, ರ‍್ಯಾಕ್ ಮಾಡುವುದು, ಅದೇ. ತೂತು ಬದಲಿಸಿದರೆ ಮೆಟ್ಟಿಲ ಎತ್ತರ ಬದಲಾಗುತ್ತೆ. ಪಟ್ಟದ ಗೊಂಬೆಗೆ 10 ಇಂಚು ಬಿಡಲಿ, ಮೃಗಾಲಯಕ್ಕೆ 4 ಸಾಕು, ಇಲ್ಲದಿದ್ದರೆ ಮುಂದಿನದು ಹಿಂದಿನದನ್ನು ಮರೆ ಮಾಡುತ್ತೆ. ಹಲಗೆಗೆ 18 ಮಿ.ಮೀ. ಪ್ಲೈವುಡ್, 12ರದ್ದು ಮಣ್ಣಿನ ಗೊಂಬೆಯ ಭಾರಕ್ಕೆ ಬಾಗುತ್ತೆ. 8x4 ಶೀಟಿನಲ್ಲಿ ಗರಗಸ ತಿಂದದ್ದು ಬಿಟ್ಟು 8 ಇಂಚು ಅಗಲ, 4 ಅಡಿ ಉದ್ದದ 11 ಹಲಗೆ ಬರುತ್ತೆ. 7 ನಮಗೆ. ಉಳಿದ 4 ಮಾವ ಏನಾದರೂ ಮಾಡಿಕೊಳ್ಳಲಿ. ಮೂಲೆಗಳಿಗೆ ರಬ್ಬರ್ ಹಾಕುವುದನ್ನು ಮರೆಯಬಾರದು, ಆ್ಯಂಗಲ್ ತುದಿ ಚಾಕುವಿನ ಹಾಗಿರುತ್ತೆ.

ಪಕ್ಷಮಾಸದಲ್ಲಿ ಹೊಸ ಸಾಮಾನು ಮನೆಗೆ ತರಬಾರದು ಅಂತ ನೀನು ಹೇಳುತ್ತೀಯ. ಗೊತ್ತು. ಎಲ್ಲ ಮಾವನ ಶೆಡ್ಡಿನಲ್ಲೇ ತಯಾರಾಗಲಿ. ಪಾಡ್ಯದ ಬೆಳಗ್ಗೆ ನಮ್ಮ ಮನೆಗೆ ಬರಲಿ. ಆಯಿತಾ?

ಇನ್ನು ರಾಣಿ. ಅವಳಿಗೆ ಬೇರೆಯೇ ಸ್ಟ್ಯಾಂಡ್ ಮಾಡಿ ಪಾರ್ಸಲ್ ಮಾಡುತ್ತಿದ್ದೇನೆ. ಮೊದಲು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್‌ನದು ತಂದೆ, ಬಾರ್ಬಿ ಗೊಂಬೆಗೆ ಸೊಂಟ ಹಿಡಿದು ನಿಲ್ಲಿಸುವಂಥದ್ದು. ರಕ್ತಚಂದನದ ರಾಣಿ ಎಲ್ಲಿ, ಟೊಳ್ಳು ಬಾರ್ಬಿ ಎಲ್ಲಿ. ರಾಣಿ ಇಲ್ಲಿಲ್ಲವಲ್ಲ, ಅದಕ್ಕೆ 600 ಮಿ.ಲೀ. ನೀರಿನ ಬಾಟಲಿಗೆ ಕರವಸ್ತ್ರ ಉಡಿಸಿ ರಾಣಿ ಮಾಡಿದೆ. ನಿಲ್ಲಿಸಿ ಕೈಬಿಟ್ಟ ತಕ್ಷಣ ಸ್ಟ್ಯಾಂಡಿನ ಸಮೇತ ಮುಗ್ಗರಿಸಿದಳು.

ಆಮೇಲೆ ಕಬ್ಬಿಣದಲ್ಲಿ ಮಾಡಿದೆ. 12 ಸೆಂ.ಮೀ. ಚೌಕದ ತಗಡು, 3 ಮಿ.ಮೀ. ದಪ್ಪ, ಅದೊಂದೇ ಸುಮಾರು 340 ಗ್ರಾಂ ತೂಗುತ್ತೆ. ಅದರ ಮೇಲೆ ಕೊಳವೆ, ಕೊಳವೆಯೊಳಗೆ ಸರಳು, ಸರಳಿನ ತುದಿಗೆ ಸೊಂಟ ಹಿಡಿಯುವ ತಂತಿ. ಅದೂ ಬಿತ್ತು. ನಾನು ದಡ್ಡಿ, ಕೊಳವೆಯನ್ನು ತಗಡಿನ ನಡುಮಧ್ಯಕ್ಕೆ ಕೂರಿಸಿದ್ದೆ. ಗೊಂಬೆ ನಿಲ್ಲುವುದು ಕೊಳವೆಯ ಮುಂದೆ ತಾನೇ, ಭಾರವೆಲ್ಲ ಮುಂದಕ್ಕೆ ಹೋಯಿತು. ಕೊಳವೆಯನ್ನು ಹಿಂದಿನ ಅಂಚಿಗೆ ಸರಿಸಿದೆ. ಈಗ ಭಾರ ತಗಡಿನ ನಡುವೆ ಬೀಳುತ್ತೆ. ದಿನವಿಡೀ ಮೆಷಿನ್ ಡಿಸೈನ್ ಮಾಡುವವಳಿಗೆ ಇಷ್ಟು ಹೊಳೆಯಲು ಎರಡು ರಾತ್ರಿ ಬೇಕಾಯಿತು ಅಂತ ಅಪ್ಪನಿಗೆ ಹೇಳಬೇಡ.

ತಂತಿಯನ್ನು ಬಗ್ಗಿಸಿಕೊಟ್ಟವರು ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು. ಬಣ್ಣ ಕೀಳಬಾರದು ಅಂತ ಅದಕ್ಕೆ ರಬ್ಬರ್ ಟ್ಯೂಬ್ ಹಾಕಿದ್ದೇನೆ. ಅಜ್ಜಿಯ ಸೀರೆಯ ತುಂಡಿನಲ್ಲಿ ಹೊಲಿದ ರಾಣಿ ಸೀರೆ ಇದೆಯಲ್ಲಾ, ಅದರ ನೆರಿಗೆಯೊಳಗೆ ಎಲ್ಲ ಮುಚ್ಚಿಹೋಗುತ್ತೆ. ಸೊಂಟದ ಎತ್ತರ 10ರಿಂದ 16 ಸೆಂ.ಮೀ.ವರೆಗೆ ಬದಲಿಸಬಹುದು, ರಾಜನಿಗೂ ಆಗುತ್ತೆ. ಸ್ಕ್ರೂಗೆ ಬಾಟಲಿ ಮುಚ್ಚಳದಷ್ಟು ದೊಡ್ಡ ತಲೆ ಇಟ್ಟಿದ್ದೇನೆ, ನೀನು ಎಡಗೈಯಲ್ಲೇ ತಿರುಗಿಸಬಹುದು. ಪೀಠವನ್ನು ಚನ್ನಪಟ್ಟಣದಲ್ಲಿ ಹೊಸದಾಗಿ ಕಡೆಸೋಣ ಅಂತ ಮಾವ ಹೇಳಿದ್ದಾರಂತೆ. ಹಬ್ಬ ಮುಗಿಯಲಿ, ಆಮೇಲೆ. ಈಗ ಅವಸರದಲ್ಲಿ ಅಂಟು ಹಾಕಬೇಡಿ.

ಪರೀಕ್ಷೆಯೂ ಆಯಿತು. ಮಂಗಳವಾರ ರಾತ್ರಿ ಇಲ್ಲಿ ಸ್ವಲ್ಪ ಭೂಮಿ ಅಲುಗಿತು. ಇವರ ಅಳತೆಯಲ್ಲಿ ಶಿಂದೊ 3, ಅದು 7ರವರೆಗೆ ಹೋಗುತ್ತೆ, ಆದ್ದರಿಂದ 3 ಅಂದರೆ ಏನೇನೂ ಅಲ್ಲ. ಅಡುಗೆಮನೆ ತಟ್ಟೆ ಗಲಗಲ ಅಂತು, ಬಾಟಲಿ ರಾಣಿ ನಿಂತಲ್ಲೇ ನಿಂತಿದ್ದಳು! ಭೂಕಂಪ ಅಂತ ಹೆದರಬೇಡ. ಕಟ್ಟಡಗಳನ್ನು ಅದಕ್ಕೆಂದೇ ಕಟ್ಟಿರುತ್ತಾರೆ. ನಾನು ಎದ್ದೂ ಏಳಲಿಲ್ಲ. ಅಂದರೆ ಎದ್ದೆ, ನೀರು ಕುಡಿದು ಮಲಗಿದೆ. ಏನೂ ಆಗಿಲ್ಲ, ಖಂಡಿತ ಏನೂ ಆಗಿಲ್ಲ. ಇಲ್ಲಿ ಹೂದಾನಿ ಗೊಂಬೆಗಳ ಅಡಿಗೆ ಅಂಟಿಸುವ ಮೆತ್ತನೆಯ ಜೆಲ್ ತುಂಡು ಸಿಗುತ್ತೆ, ಅದನ್ನೂ ಹಾಕಿದ್ದೇನೆ. ಶೆಟ್ರಿಗೂ ಶೆಟ್ಟಮ್ಮನಿಗೂ ಒಂದೊಂದು.

ಅಮ್ಮ, ಈಗ ನಿಜವಾದ ಮಾತು. ಪ್ಲಾಸ್ಟರಿನ ಆಚೆ ಇರುವ ಬೆರಳು ಆಡಿಸುತ್ತಿರಬೇಕು, ಕೈ ಇಳಿಬಿಟ್ಟುಕೊಂಡು ಕೂರಬಾರದು. ಬೆರಳು ಊದಿದರೆ, ಜುಮ್ ಅಂದರೆ, ತಣ್ಣಗಾದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. "ನಾಳೆ ನೋಡೋಣ" ಬೇಡ. ಈ ವಯಸ್ಸಿನಲ್ಲಿ ಕೈ ಊರಿದ್ದಕ್ಕೇ ಮೂಳೆ ಮುರಿದರೆ ಮೂಳೆ ಗಟ್ಟಿ ಇದೆಯಾ ಅಂತ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕಂತೆ, ಅದನ್ನು ಕೇಳಿ ಬರೆಸಿಕೊಂಡು ಬನ್ನಿ. ಮುಂದಿನ ಸಲ ಸೊಂಟವಾಗಿದ್ದರೆ? ಬೇಡ, ಅದನ್ನು ಬರೆಯುವುದೇ ಬೇಡ. ಅಪ್ಪ, ಅಟ್ಟ ನೀವೂ ಹತ್ತಬೇಡಿ. ಮೇಲಿನ ಮನೆ ಹುಡುಗರನ್ನು ಕರೆಯಿರಿ, ನಾಲ್ಕು ಕೋಡುಬಳೆ ಕೊಟ್ಟರೆ ಮಾಡುತ್ತಾರೆ. ಅಟ್ಟ ಸೋರುವುದನ್ನೂ ಸರಿ ಮಾಡಿಸಿ. 15,000 ಕಳಿಸಿದ್ದೇನೆ. ಇಷ್ಟು ಯಾಕೆ ಅಂತ ಕೇಳಬೇಡಿ, ನನ್ನ ಹತ್ತಿರ ಬೇಕಾದಷ್ಟಿದೆ, ಊಟಕ್ಕೂ ಬಟ್ಟೆಗೂ ಏನೂ ಕಡಿಮೆ ಮಾಡಿಕೊಂಡಿಲ್ಲ.

ಗೊಂಬೆ ಕೂರಿಸಿದ ಮೇಲೆ ವಿಡಿಯೋ ಮಾಡು. ಮೊದಲು ಕೈ ತೋರಿಸು, ಆಮೇಲೆ ರಾಣಿ. ಸೆರಗು ಹೊದ್ದರೆ ಫೋನ್ ಇಟ್ಟುಬಿಡುತ್ತೇನೆ.

ಪೋಸ್ಟ್ ಆಫೀಸು 5ಕ್ಕೆ ಮುಚ್ಚುತ್ತೆ, ಈಗಲೇ 4:20. ಇನ್ನೂ ಡಬ್ಬಕ್ಕೆ ಟೇಪ್ ಹಾಕಿಲ್ಲ. ಚಿತ್ರ ಪುಟ್ಟಿಗೆ ಅರ್ಥವಾಗುತ್ತೆ, ಕಾಗದ ಅವಳ ಕೈಲೇ ಓದಿಸಿಕೊ. ಚಿಕ್ಕಮ್ಮನಿಗೆ ಕೇಳಿದೆ ಅಂತ ಹೇಳು.

ಇತಿ,
ನಿನ್ನ ಮಗಳು

ಪುಟ್ಟಿ, ಅಮ್ಮನಿಗೆ ಓದುವಾಗ ಭೂಮಿ ಅಲುಗಿದ್ದನ್ನು ಬಿಟ್ಟು ಓದು.