ನನ್ನ ಹರಳುಗಳನ್ನು ಕಾದವರಿಗೆ

ಗೆಳೆಯರೇ, ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿ, ಮೆಸೇಜ್ ಹಾಕಿ ಹಾರೈಸಿದ ಮುಂಬೈಯ ಕನ್ನಡದವರಿಗೆಲ್ಲ ಮೊದಲು ನಮಸ್ಕಾರ. ಇಷ್ಟು ವರ್ಷ ಲ್ಯಾಬಿನಲ್ಲಿ ಏನು ಮಾಡ್ತಿದ್ದೆ ಅಂತ ಸುಮಾರು ಜನ ಕೇಳಿದ್ದೀರಿ. ಅದನ್ನು ಹೇಳಿದರೇನೇ ಈ ಋಣ ಎಂಥದ್ದು ಅಂತ ಗೊತ್ತಾಗುವುದು.

ನಾನು ಬೆಳೆಸಿದ್ದು ಟ್ರೈಗ್ಲೈಸಿನ್ ಸಲ್ಫೇಟ್ ಹರಳು, ಗ್ಲೈಸಿನ್ ಅನ್ನುವ ಅಮೈನೋ ಆಮ್ಲ ಮತ್ತು ಸಲ್ಫ್ಯೂರಿಕ್ ಆಮ್ಲ ಸೇರಿ ಆಗುವಂಥದ್ದು. ಅದು ಫೆರೋಎಲೆಕ್ಟ್ರಿಕ್ ಅಂತ 1956ರಲ್ಲಿ ಗೊತ್ತಾಯಿತು. ವೋಲ್ಟೇಜ್ ಕೊಡದಿದ್ದರೂ ಅದರೊಳಗೆ ಪ್ಲಸ್ ಒಂದು ಕಡೆ, ಮೈನಸ್ ಒಂದು ಕಡೆ ಇರುತ್ತದೆ. ವೋಲ್ಟೇಜ್ ಕೊಟ್ಟು ಆ ದಿಕ್ಕನ್ನು ತಿರುಗಿಸಬಹುದು. ಸುಮಾರು 49 ಡಿಗ್ರಿ ದಾಟಿದರೆ ಆ ಗುಣ ಹೋಗುತ್ತದೆ. ತಣಿದ ಮೇಲೆ ಮರಳಿ ಬಂದರೂ ಹರಳಿನ ಒಂದೊಂದು ಭಾಗ ಒಂದೊಂದು ದಿಕ್ಕು ಹಿಡಿಯುತ್ತದೆ. ಶಾಖದ ಕಿರಣ ಗುರುತಿಸುವ ಇನ್‌ಫ್ರಾರೆಡ್ ಸೆನ್ಸರ್‌ಗಳಲ್ಲಿ ಈ ಹರಳನ್ನು ಬಳಸುತ್ತಾರೆ, ಅಲ್ಲಿ ಇದೇ ದೊಡ್ಡ ತೊಂದರೆ. ದ್ರಾವಣಕ್ಕೆ ಎಲ್-ಅಲನೈನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಬೆರೆಸಿ ಬೆಳೆಸಿದರೆ, ಗ್ಲೈಸಿನ್ ಜಾಗದಲ್ಲಿ ಕೂತ ಆ ಅಣು ಸುಲಭಕ್ಕೆ ಮಗ್ಗುಲು ಬದಲಿಸುವುದಿಲ್ಲ. ಬಿಸಿಯಾಗಿ ತಣಿದ ಮೇಲೂ ಹರಳು ಹಳೇ ದಿಕ್ಕಿಗೇ ಬರುತ್ತದೆ. ವೋಲ್ಟೇಜ್ ಬದಲಿಸಿದಂತೆ ಆ ದಿಕ್ಕು ಹೇಗೆ ತಿರುಗುತ್ತದೆ ಅಂತ ತೋರಿಸುವ ಗೆರೆ, ಅಂದರೆ ಹಿಸ್ಟೆರಿಸಿಸ್ ಲೂಪ್, ನಟ್ಟನಡುವಿನಿಂದ ಪಕ್ಕಕ್ಕೆ ಸರಿದದ್ದನ್ನು ಸ್ಕ್ರೀನಿನ ಮೇಲೆ ಕಂಡಾಗ ಮೈ ಜುಮ್ಮೆಂದಿತ್ತು.

ಅಲ್ಲಿಯವರೆಗೆ ಬರೀ ಕಾಯುವುದು. ಬೀಜ ಹರಳನ್ನು ನೈಲಾನ್ ದಾರದಲ್ಲಿ ಕಟ್ಟಿ ದ್ರಾವಣದೊಳಗೆ ಇಳಿಬಿಡಬೇಕು. ದಿನಕ್ಕೆ 0.1 ಡಿಗ್ರಿಯಷ್ಟೇ ತಣಿಸುತ್ತಾ ಹೋಗಬೇಕು. ಕರೆಂಟ್ ಹೋಗಿ ಬಾತ್ (ದ್ರಾವಣದ ಪಾತ್ರೆಯನ್ನು ಬೆಚ್ಚಗಿಡುವ ನೀರಿನ ತೊಟ್ಟಿ) ತಣ್ಣಗಾಯಿತೋ, ತಳದಲ್ಲಿ ಸಣ್ಣ ಹರಳುಗಳು ಹುಟ್ಟಿ, ದೊಡ್ಡದಕ್ಕೆ ಸೇರಬೇಕಾದ್ದನ್ನೆಲ್ಲ ಎಳೆದುಕೊಳ್ಳುತ್ತವೆ. ಒಂದು ಜುಲೈ ರಾತ್ರಿ ಹಾಗೇ ಆಗುವುದರಲ್ಲಿತ್ತು. ಮಳೆಗೆ ಲೋಕಲ್ ನಿಂತು ನಾನು ಡೊಂಬಿವಲಿಯಲ್ಲೇ ಉಳಿದಿದ್ದೆ. ನಮ್ಮ ಲ್ಯಾಬ್ ಅಟೆಂಡೆಂಟ್ ಕಾಕಾ ಮನೆಗೆ ಹೋಗಲಿಲ್ಲ. ಯುಪಿಎಸ್ ಕೈಕೊಟ್ಟಾಗ ಬಾತ್‌ಗೆ ಹಳೇ ಕಂಬಳಿ ಸುತ್ತಿದರು. ಥರ್ಮಾಮೀಟರ್ ನೋಡಿ ಫೋನಿನಲ್ಲಿ ಹೇಳುತ್ತಾ, ಹೊರಗಿನ ತೊಟ್ಟಿಗೆ ಚೂರುಚೂರೇ ಬಿಸಿನೀರು ಹಾಕುತ್ತಾ ಬೆಳಗಿನವರೆಗೂ ಕೂತರು. ನನ್ನ ಥೀಸಿಸ್ಸಿನ ಮುಖ್ಯ ಅಳತೆಗಳೆಲ್ಲ ಆ ಹರಳಿನವೇ. ಕಾಕಾಗೆ ಕನ್ನಡ ಬರುವುದಿಲ್ಲ. ಇದನ್ನು ಅವರಿಗೆ ಮರಾಠಿಯಲ್ಲಿ ಓದಿ ಹೇಳುತ್ತೇನೆ.

ನಮ್ಮ ಗೈಡ್ ಸರ್‌ಗೆ ಏನು ಹೇಳಲಿ? 49 ಡಿಗ್ರಿ ಹತ್ತಿರ ಡೈಎಲೆಕ್ಟ್ರಿಕ್ ಸ್ಥಿರಾಂಕ (ಹರಳು ಎಷ್ಟು ವಿದ್ಯುತ್ ಚಾರ್ಜ್ ಹಿಡಿದಿಡಬಲ್ಲದು ಅನ್ನುವ ಅಳತೆ) ಚೆನ್ನಾಗಿ ಏರಿದ ಗ್ರಾಫ್ ತೋರಿಸಿದರೂ, "ಇನ್ನೊಂದು ತುಂಡು ಕತ್ತರಿಸಮ್ಮ, ಸಿಲ್ವರ್ ಪೇಸ್ಟ್ ಹಚ್ಚಿ ಮತ್ತೆ ಅಳೆ" ಅನ್ನುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ವೈವಾದಲ್ಲಿ ಒಂದೂ ಅಳತೆಯ ಬಗ್ಗೆ ನನಗೆ ಅಳುಕಿರಲಿಲ್ಲ.

ಡೊಂಬಿವಲಿಯ ಸೋದರತ್ತೆ, ಎಷ್ಟು ಹೊತ್ತಾದರೂ ನೀವು ಎದ್ದು ಬಾಗಿಲು ತೆಗೆದಿರಿ. ಫೆಲೋಶಿಪ್ ತಡವಾದ ತಿಂಗಳುಗಳಲ್ಲಿ ನನ್ನ ಪಾಸಿನ ದುಡ್ಡು ಕೊಟ್ಟಿರಿ, ಯಾರಿಗೂ ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ, ಬೈಯಬೇಡಿ.

ಈ ವರ್ಷ ನಮ್ಮ ಲ್ಯಾಬಿಗೆ ಸೇರಿರುವ ತಂಗಿಗೆ: ಒಳ್ಳೆಯ ಬೀಜ ಹರಳುಗಳನ್ನು ಆರಿಸಿ ಡೆಸಿಕೇಟರಿನಲ್ಲಿ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ಇಟ್ಟಿದ್ದೇನೆ. ಅವು ನಿನಗೇ. ಮುಂಬೈ ಮಳೆಗಾಲದ ಗಾಳಿ ತಾಗಿದರೆ ಮೈ ಮಬ್ಬಾಗುತ್ತದೆ. ಅದರೊಳಗಿನ ತೇವ ಹೀರುವ ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ಓವನ್‌ನಲ್ಲಿ ಒಣಗಿಸು. ಏನು ಬೇಕಿದ್ದರೂ ಫೋನ್ ಮಾಡು, ರಾತ್ರಿಯಾದರೂ ಪರವಾಗಿಲ್ಲ.